ಗನ್‌ಸ್ಮೋಕ್: ಇಪ್ಪತ್ತು ವರ್ಷ ನಡೆದ ಕಥೆ, ಹೇಳದೆ ಕಳುಹಿಸಿದ ಜನ

ವಿಚಿಟಾ ನಗರದಲ್ಲಿರುವ ಮಗಳ ಮನೆಯಲ್ಲಿ ಐದು ತಿಂಗಳಿದ್ದು ನಾವು ದಂಪತಿಗಳು ಊರಿಗೆ ಮರಳಿದ ಮೇಲೆ, ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ತಪ್ಪದೆ ಕೇಳಿದ ಪ್ರಶ್ನೆಯೊಂದಿದೆ: "ಅಮೆರಿಕದಲ್ಲಿ ಏನೇನು ನೋಡಿದಿರಿ ಸಾರ್?" ನಯಾಗರ ಜಲಪಾತವನ್ನು ನೋಡಲಿಲ್ಲ, ನ್ಯೂಯಾರ್ಕಿನ ಸ್ವಾತಂತ್ರ್ಯ ದೇವತೆಯ ಪ್ರತಿಮೆಯನ್ನೂ ನೋಡಲಿಲ್ಲ. ವಿಚಿಟಾ ಇರುವುದು ಅಮೆರಿಕದ ನಟ್ಟನಡುವಿನ ಕ್ಯಾನ್ಸಸ್ ರಾಜ್ಯದಲ್ಲಿ; ಅದು ಗೋಧಿಯ ನಾಡು. ಅಲ್ಲಿಂದ ಆ ಸ್ಥಳಗಳೆಲ್ಲ ನಮಗೆ ಕಾಶಿ ಇದ್ದಷ್ಟು ದೂರ. ಮೇಲಾಗಿ ಚಳಿಗಾಲ. ಮಗಳೂ ಅಳಿಯಂದಿರೂ ಕೆಲಸಕ್ಕೆ, ಮೊಮ್ಮಗ ಶಾಲೆಗೆ ಹೊರಟುಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ನಾವಿಬ್ಬರು ಮತ್ತು ಗೋಡೆಯ ಮೇಲಿನ ಟಿ.ವಿ. ಹೀಗಾಗಿ ನಾನು ಅಮೆರಿಕದಲ್ಲಿ ಹೆಚ್ಚಾಗಿ ನೋಡಿದ್ದು ಏನೆಂದರೆ, ದಯವಿಟ್ಟು ನಗಬೇಡಿ, ನಾನು ಬಾಲಕನಾಗಿದ್ದಾಗ ಅಲ್ಲಿ ತಯಾರಾದ 'ಗನ್‌ಸ್ಮೋಕ್' ಎಂಬ ಕೌಬಾಯ್ ಧಾರಾವಾಹಿಯನ್ನು.

ಗನ್‌ಸ್ಮೋಕ್ ಎಂದರೆ ಬಂದೂಕಿನ ಹೊಗೆ. ಹಳೆಯ ಧಾರಾವಾಹಿಗಳನ್ನೇ ಮರುಪ್ರಸಾರ ಮಾಡುವ ವಾಹಿನಿಯೊಂದರಲ್ಲಿ ಅದು ದಿನವೂ ಮಧ್ಯಾಹ್ನ ಬರುತ್ತಿತ್ತು. ಮೊದಮೊದಲು ನನ್ನ ಶ್ರೀಮತಿ, "ಈ ಡಬ್‌ಡಬ್ ಸದ್ದು ಸಾಕು ಮಾಡಿ, ಊಟವಾದ ಮೇಲೆ ಸ್ವಲ್ಪ ಕಣ್ಣು ಮುಚ್ಚೋಣವೆಂದರೆ ಬಿಡುವುದಿಲ್ಲ" ಎಂದು ಗೊಣಗುತ್ತಿದ್ದಳು. ಎರಡು ವಾರ ಕಳೆಯುವಷ್ಟರಲ್ಲಿ ಅಡುಗೆಮನೆಯಿಂದಲೇ "ಇವತ್ತು ಡಾಕ್ಟರು ಬಂದರೇ?" ಎಂದು ಕೇಳತೊಡಗಿದಳು. ಕಥೆಯಲ್ಲಿ ಡಾಕ್ ಎಂಬ ಮುದಿ ವೈದ್ಯನೊಬ್ಬನಿದ್ದಾನೆ. ಗುಂಡು ತಗುಲಿದವರನ್ನೂ ಹೆರಿಗೆಯ ಹೆಂಗಸರನ್ನೂ ಒಂದೇ ಗೊಣಗಾಟದಿಂದ, ಒಂದೇ ಅಕ್ಕರೆಯಿಂದ ನೋಡಿಕೊಳ್ಳುವವನು. ಆತನ ಮಾತು ಪೂರ್ತಿ ಅರ್ಥವಾಗದಿದ್ದರೂ ಆ ಮನುಷ್ಯ ಅವಳಿಗೆ ಅರ್ಥವಾಗಿದ್ದ.

ಮೊದಲಿಗೆ ಹೊತ್ತು ಕಳೆಯಲೆಂದು ನೋಡಿದ್ದು ಕ್ರಮೇಣ ಅಧ್ಯಯನದ ವಿಷಯವಾಯಿತು. ಮಗಳು ನಗರದ ಗ್ರಂಥಾಲಯದಿಂದ ಪುಸ್ತಕಗಳನ್ನು ತಂದುಕೊಟ್ಟಳು. ಈ ಧಾರಾವಾಹಿಯ ಇತಿಹಾಸವನ್ನು ಓದುತ್ತಾ ಹೋದಂತೆ, ತೆರೆಯ ಮೇಲಿನ ಕಥೆಗಿಂತ ತೆರೆಯ ಹಿಂದಿನ ಕಥೆಯೇ ನನ್ನನ್ನು ಹೆಚ್ಚು ಕಾಡಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಈ ಬರಹ. ಕೊನೆಯಲ್ಲಿ ನಿಮ್ಮಲ್ಲಿ ಕೆಲವರಿಗೆ ಒಂದು ಕೋರಿಕೆಯೂ ಇದೆ.

ಕಥೆ ಹುಟ್ಟಿದ್ದು ಟಿ.ವಿ.ಗಾಗಿ ಅಲ್ಲ, ರೇಡಿಯೋಗಾಗಿ. ಅಮೆರಿಕದ ಸಿಬಿಎಸ್ ಪ್ರಸಾರ ಸಂಸ್ಥೆಯ ಮುಖ್ಯಸ್ಥರಾಗಿದ್ದ ವಿಲಿಯಂ ಪೇಲಿ ಅವರಿಗೆ ಪತ್ತೇದಾರಿ ಕಥೆಗಳೆಂದರೆ ಇಷ್ಟ. ಫಿಲಿಪ್ ಮಾರ್ಲೋ ಎಂಬ ಪತ್ತೇದಾರನ ಬಿರುಸಾದ ಶೈಲಿಯಲ್ಲೇ ಹಳೆಯ ಪಶ್ಚಿಮ ಸೀಮೆಯ ಕಥೆಯೊಂದು ಬರಲಿ ಎಂಬುದು ಅವರ ಅಪೇಕ್ಷೆಯಾಗಿತ್ತು. 1949ರಲ್ಲಿ ಅದರ ಮಾದರಿ ಕಂತನ್ನು ಧ್ವನಿಮುದ್ರಿಸಿದರು. ಆದರೆ ಅದರಲ್ಲಿ ನಾಯಕನಾಗಿದ್ದ ನಟ ಬೇರೊಂದು ಕಾರ್ಯಕ್ರಮಕ್ಕೆ ಕರಾರಿನಿಂದ ಕಟ್ಟುಬಿದ್ದಿದ್ದರಿಂದ ಯೋಜನೆ ಮೂಲೆ ಸೇರಿತು. ಮೂರು ವರ್ಷಗಳ ಬಳಿಕ ಅದನ್ನು ಎತ್ತಿಕೊಂಡವರು ನಿರ್ಮಾಪಕ ನಾರ್ಮನ್ ಮ್ಯಾಕ್‌ಡೊನೆಲ್ ಮತ್ತು ಬರಹಗಾರ ಜಾನ್ ಮೆಸ್ಟನ್. 1952ರ ಏಪ್ರಿಲ್ 26ರಂದು ಮೊದಲ ಕಂತು ಪ್ರಸಾರವಾಯಿತು.

ಅಲ್ಲಿಯವರೆಗೆ ರೇಡಿಯೋದಲ್ಲಿ ಬರುತ್ತಿದ್ದ ಕೌಬಾಯ್ ಕಥೆಗಳಲ್ಲಿ ಬಹುಪಾಲು ಮಕ್ಕಳಿಗಾಗಿಯೇ ಇದ್ದವು. ಬಿಳಿ ಕುದುರೆ, ಮುಖವಾಡ, ಎಂದೂ ಗುರಿ ತಪ್ಪದ ಶೂರ, ಕೊನೆಗೆ ಸತ್ಯಕ್ಕೆ ಜಯ. ಮ್ಯಾಕ್‌ಡೊನೆಲ್ ಮತ್ತು ಮೆಸ್ಟನ್ ಇದನ್ನು ಬೇಡವೆಂದರು. ಮೆಸ್ಟನ್ ಪಶ್ಚಿಮದ ಕೊಲೊರಾಡೊ ಸೀಮೆಯಲ್ಲೇ ಹುಟ್ಟಿದವರು. ಅವರು ಬರೆದ ಕಥೆಗಳಲ್ಲಿ ಬರ, ಬಡತನ, ಕುಡಿತ, ಹೆಂಡತಿಯನ್ನು ಹೊಡೆಯುವ ಗಂಡ, ಒಂಟಿತನದಿಂದ ಬುದ್ಧಿ ಕದಡಿದ ರೈತ, ಹೆಸರು ಮಾಡುವ ಆಸೆಗೆ ಸಾಯಲು ಬರುವ ಹುಡುಗ, ಎಲ್ಲರೂ ಇದ್ದರು. ಊರಿನ ಶಾಂತಿ ಕಾಯುವ ಮಾರ್ಷಲ್ ಮ್ಯಾಟ್ ಡಿಲನ್ ಗೆದ್ದ ದಿನವೂ ಸಂತೋಷ ಪಡುತ್ತಿರಲಿಲ್ಲ. ಕೆಲವು ಕಂತುಗಳಲ್ಲಿ ಆತ ಯಾರನ್ನೂ ಉಳಿಸಲಾಗದೆ ಸುಮ್ಮನೆ ನಿಂತುಬಿಡುತ್ತಿದ್ದ.

ಆ ಮ್ಯಾಟ್‌ನ ದನಿ ವಿಲಿಯಂ ಕಾನ್ರಾಡ್ ಅವರದು. ಅವರ ಸಹಾಯಕ ಚೆಸ್ಟರ್ ಆಗಿ ಪಾರ್ಲಿ ಬೇರ್, ಡಾಕ್ ಆಗಿ ಹೊವರ್ಡ್ ಮ್ಯಾಕ್‌ನಿಯರ್, ಪಾನಗೃಹದ ಕಿಟ್ಟಿಯಾಗಿ ಜಾರ್ಜಿಯಾ ಎಲಿಸ್. ನಾಲ್ಕೇ ದನಿಗಳು ಮತ್ತು ಅವುಗಳ ಹಿಂದೆ ಸದ್ದುಗಳನ್ನು ಹೆಣೆಯುತ್ತಿದ್ದ ಕೆಲವರು ತಂತ್ರಜ್ಞರು. ಹಲಗೆಯ ಮೇಲೆ ಬೂಟಿನ ಹೆಜ್ಜೆ, ದೂರದಲ್ಲಿ ಬೊಗಳುವ ನಾಯಿ, ಬಾಗಿಲಿನ ಕಿರುಗುಟ್ಟುವಿಕೆ, ಬಹಳ ಹೊತ್ತಿನ ಮೌನ. ಆಕಾಶವಾಣಿಯ ನಾಟಕಗಳನ್ನು ಕೇಳಿ ಬೆಳೆದ ನನ್ನ ತಲೆಮಾರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಹೆಜ್ಜೆಯ ಸಪ್ಪಳದಿಂದಲೇ ಬಂದವನು ಮಿತ್ರನೋ ಶತ್ರುವೋ ಎಂದು ತಿಳಿಯುತ್ತಿದ್ದ ಕಾಲವದು. ಮೊಮ್ಮಗನ ಕಂಪ್ಯೂಟರಿನಲ್ಲಿ ಆ ಹಳೆಯ ರೇಡಿಯೋ ಕಂತುಗಳನ್ನು ಕೇಳಿದೆ. ಕಾನ್ರಾಡ್ ಅವರ ದನಿ ಆಳವಾದ ಬಾವಿಯಿಂದ ನೀರು ಸೇದಿದಂತೆ ಬರುತ್ತದೆ. ಆ ದನಿಯಲ್ಲಿ ದಣಿವಿದೆ, ಕೋಪವಿದೆ, ಕರುಣೆಯೂ ಇದೆ.

1955ರಲ್ಲಿ ಸಿಬಿಎಸ್ ಇದನ್ನು ಟಿ.ವಿ.ಗೆ ತರಲು ನಿರ್ಧರಿಸಿತು. ಮೊದಲ ಅಗಲಿಕೆ ನಡೆದದ್ದು ಆಗ. ಕಾನ್ರಾಡ್ ದೊಡ್ಡ ಹೊಟ್ಟೆಯ, ಗಿಡ್ಡ ಮೈಕಟ್ಟಿನ ವ್ಯಕ್ತಿ. ದನಿ ಕೇಳಿದವರ ಮನಸ್ಸಿನಲ್ಲಿ ಮೂಡಿದ್ದ ಎತ್ತರದ ಮಾರ್ಷಲ್‌ಗೂ ಅವರಿಗೂ ಹೋಲಿಕೆಯಿರಲಿಲ್ಲ. ರೇಡಿಯೋ ತಂಡದವರಿಗೆ ಪರೀಕ್ಷೆಯೇನೋ ನಡೆಯಿತು. ಅದು ಉಪಚಾರಕ್ಕಾಗಿ ನಡೆದ ಪರೀಕ್ಷೆ. ನಾಲ್ವರಲ್ಲಿ ಒಬ್ಬರೂ ಆಯ್ಕೆಯಾಗಲಿಲ್ಲ. ಕಥೆಯನ್ನು ಕಟ್ಟಿದ ಮ್ಯಾಕ್‌ಡೊನೆಲ್ ಅವರಿಗೂ ಟಿ.ವಿ. ಸರಣಿಯ ಹೊಣೆ ಮೊದಲು ದೊರೆಯಲಿಲ್ಲ. ಅದು ಚಾರ್ಲ್ಸ್ ಮಾರ್ಕ್ವಿಸ್ ವಾರನ್ ಎಂಬ ಚಲನಚಿತ್ರ ನಿರ್ದೇಶಕರ ಪಾಲಾಯಿತು.

ಇದಕ್ಕಿಂತ ವಿಚಿತ್ರವಾದುದು ಮುಂದಿನ ಸಂಗತಿ. ಟಿ.ವಿ. ಸರಣಿ ಆರಂಭವಾದ ಮೇಲೂ ರೇಡಿಯೋ ಸರಣಿ ನಿಲ್ಲಲಿಲ್ಲ. ಅದು 1961ರ ಜೂನ್ ತಿಂಗಳವರೆಗೆ ನಡೆಯಿತು. ಅಂದರೆ ಸುಮಾರು ಆರು ವರ್ಷಗಳ ಕಾಲ ಒಂದೇ ದೇಶದಲ್ಲಿ ಇಬ್ಬರು ಮ್ಯಾಟ್ ಡಿಲನ್‌ಗಳಿದ್ದರು. ಒಬ್ಬರನ್ನು ಜನ ಕಂಡು ದಾರಿಯಲ್ಲಿ ನಿಲ್ಲಿಸಿ ಹಸ್ತಾಕ್ಷರ ಕೇಳುತ್ತಿದ್ದರು. ಇನ್ನೊಬ್ಬರು ಧ್ವನಿಪೆಟ್ಟಿಗೆಯ ಹಿಂದೆ ಅದೇ ಪಾತ್ರವನ್ನು ಅದೇ ಶ್ರದ್ಧೆಯಿಂದ ನಿರ್ವಹಿಸುತ್ತಿದ್ದರು. ಟಿ.ವಿ.ಯ ಆರಂಭದ ವರ್ಷಗಳ ಹಲವು ಕಂತುಗಳು ರೇಡಿಯೋಗಾಗಿ ಬರೆದ ಕಥೆಗಳೇ. ಅಂದರೆ ತಾವು ಆಡಿ ಹದಗೊಳಿಸಿದ ಮಾತುಗಳನ್ನೇ ಬೇರೆಯವರ ಬಾಯಲ್ಲಿ ಆ ನಾಲ್ವರು ಕೇಳಬೇಕಾಯಿತು.

ಹಾಗೆಂದು ಹೊಸದಾಗಿ ಬಂದವರು ಅಯೋಗ್ಯರಲ್ಲ. ಈ ಮಾತನ್ನು ಒತ್ತಿ ಹೇಳಬೇಕು. ಟಿ.ವಿ.ಯ ಮ್ಯಾಟ್ ಆದ ಜೇಮ್ಸ್ ಆರ್ನೆಸ್ ಆರಡಿ ಏಳಂಗುಲದ ಆಳು. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಇಟಲಿಯ ಆಂಜಿಯೋ ಕಾಳಗದಲ್ಲಿ ಕಾಲಿಗೆ ಗುಂಡು ತಗುಲಿ, ಆ ನೋವನ್ನು ಜೀವನದುದ್ದಕ್ಕೂ ಹೊತ್ತವರು. ಅವರನ್ನು ಶಿಫಾರಸು ಮಾಡಿದವರು ಪ್ರಸಿದ್ಧ ನಟ ಜಾನ್ ವೇನ್. 1955ರ ಸೆಪ್ಟೆಂಬರ್ 10ರಂದು ಮೊದಲ ಕಂತು ಬಂದಾಗ ವೇನ್ ಅವರೇ ತೆರೆಯ ಮೇಲೆ ಕಾಣಿಸಿಕೊಂಡು, ಈ ಹೊಸ ನಟನನ್ನು ಜನರಿಗೆ ಪರಿಚಯಿಸಿಕೊಟ್ಟರು. ಆ ಮೊದಲ ಕಂತಿನಲ್ಲೇ ಮ್ಯಾಟ್ ತನಗಿಂತ ಚುರುಕಿನ ಎದುರಾಳಿಯ ಗುಂಡಿಗೆ ಸಿಕ್ಕಿ ಸಾವಿನ ಬಾಗಿಲಿಗೆ ಹೋಗಿಬರುತ್ತಾನೆ. ನಾಯಕನ ಪರಿಚಯವೇ ಅವನ ಸೋಲಿನಿಂದ!

ಚೆಸ್ಟರ್ ಪಾತ್ರದ ಡೆನಿಸ್ ವೀವರ್ ಕುಂಟುತ್ತಾ ನಡೆಯುತ್ತಿದ್ದರು. ನಿಜವಾಗಿ ಅವರ ಕಾಲು ಸರಿಯಿತ್ತು; ಒಳ್ಳೆಯ ಕ್ರೀಡಾಪಟುವಾಗಿದ್ದವರು. ಮಾರ್ಷಲ್‌ನ ಸಹಾಯಕ ಬಂದೂಕು ಹಿಡಿದು ಮುನ್ನುಗ್ಗದಿರಲು ನೋಡುವವರಿಗೆ ಒಪ್ಪುವಂಥ ಕಾರಣವೊಂದು ಬೇಕೆಂದು ಆ ಊನವನ್ನು ಮೈಗೂಡಿಸಿಕೊಂಡರು. ಒಂಬತ್ತು ವರ್ಷ ಹಾಗೆಯೇ ಕುಂಟಿದರು! ಡಾಕ್ ಆಗಿ ಮಿಲ್ಬರ್ನ್ ಸ್ಟೋನ್. ತಮ್ಮ ಪಾತ್ರಕ್ಕೆ ಪ್ರಾಚೀನ ಗ್ರೀಕ್ ವೈದ್ಯ ಗೇಲನ್‌ನ ಹೆಸರನ್ನು ಇಟ್ಟವರು ಅವರೇ. ಕಿಟ್ಟಿಯಾಗಿ ಅಮಾಂಡಾ ಬ್ಲೇಕ್. ಆಕೆ 'ಲಾಂಗ್ ಬ್ರಾಂಚ್ ಸಲೂನ್' ಎಂಬಲ್ಲಿ ಪಾಲುದಾರಳು. ನಮ್ಮಲ್ಲಿ ಸಲೂನ್ ಎಂದರೆ ಕ್ಷೌರದಂಗಡಿ, ಅಲ್ಲಿ ಹೆಂಡದಂಗಡಿ. ಇದು ತಿಳಿಯದೆ ನನ್ನ ಶ್ರೀಮತಿ, "ಇಷ್ಟು ಹೊತ್ತಾದರೂ ಒಬ್ಬರಿಗೂ ಕ್ಷೌರ ಮಾಡಲಿಲ್ಲವಲ್ಲ" ಎಂದು ಮೊದಲ ದಿನ ಬೆರಗಾಗಿದ್ದುಂಟು. ಮ್ಯಾಟ್‌ಗೂ ಕಿಟ್ಟಿಗೂ ಒಲವಿದೆಯೆಂಬುದು ಊರಿಗೆಲ್ಲ ಗೊತ್ತು. ಹತ್ತೊಂಬತ್ತು ವರ್ಷಗಳಾದರೂ ಅವರ ಮದುವೆಯಾಗಲಿಲ್ಲ. ಎದೆಗೆ ಮಾರ್ಷಲ್‌ನ ಬಿಲ್ಲೆ ಇರುವವರೆಗೂ ತನಗೆ ಸಂಸಾರ ಸಲ್ಲದೆಂಬುದು ಆತನ ನಿಲುವು.

ಸರಣಿ ಜನರನ್ನು ಹೇಗೆ ಹಿಡಿಯಿತೆಂದರೆ, 1957ರಿಂದ 1961ರವರೆಗೆ ಸತತ ನಾಲ್ಕು ವರ್ಷ ಅದು ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡುವ ಕಾರ್ಯಕ್ರಮವಾಗಿತ್ತು. 1961ರಲ್ಲಿ ಅರ್ಧ ಗಂಟೆಯ ಕಂತು ಒಂದು ಗಂಟೆಗೆ ಬೆಳೆಯಿತು. 1966ರಲ್ಲಿ ಕಪ್ಪು-ಬಿಳುಪು ಹೋಗಿ ಬಣ್ಣ ಬಂತು. ಅದರ ಯಶಸ್ಸನ್ನು ಕಂಡು ಕೌಬಾಯ್ ಸರಣಿಗಳ ಜಾತ್ರೆಯೇ ನೆರೆಯಿತು; 1959ರಲ್ಲಿ ರಾತ್ರಿಯ ಮುಖ್ಯ ಹೊತ್ತಿನಲ್ಲೇ ಸುಮಾರು 30 ಇಂಥ ಧಾರಾವಾಹಿಗಳು ಓಡುತ್ತಿದ್ದವಂತೆ.

ಕಥೆ ನಡೆಯುವುದು ಡಾಜ್ ಸಿಟಿ ಎಂಬ ಊರಿನಲ್ಲಿ. ಅದು ಕಲ್ಪಿತ ಊರಲ್ಲ. ಕ್ಯಾನ್ಸಸ್‌ನಲ್ಲೇ, ವಿಚಿಟಾದಿಂದ ಪಶ್ಚಿಮಕ್ಕೆ ಸುಮಾರು 250 ಕಿಲೋಮೀಟರ್ ದೂರದಲ್ಲಿದೆ. ನಾನು ಈ ಧಾರಾವಾಹಿಗೆ ಅಂಟಿಕೊಂಡದ್ದನ್ನು ಕಂಡು ಅಳಿಯಂದಿರು ಮಾರ್ಚ್ ತಿಂಗಳ ಒಂದು ಶನಿವಾರ ನಮ್ಮನ್ನು ಅಲ್ಲಿಗೆ ಕರೆದೊಯ್ದರು. ದಾರಿಯುದ್ದಕ್ಕೂ ಅಂಗೈಯಂಥ ಬಯಲು, ಗೋಧಿಯ ಹೊಲ, ಧಾನ್ಯ ತುಂಬುವ ಬಿಳಿಯ ಗೋಪುರಗಳು. ಧಾರಾವಾಹಿಯ ಡಾಜ್ ಸಿಟಿಯ ಹಿಂದೆ ಕಾಣುವ ಬೆಟ್ಟಗಳನ್ನು ನಾನು ಕಿಟಕಿಯಿಂದ ಹುಡುಕುತ್ತಲೇ ಇದ್ದೆ. "ತಾತ, ಅವು ಕ್ಯಾಲಿಫೋರ್ನಿಯಾದ ಬೆಟ್ಟಗಳು, ಶೂಟಿಂಗ್ ಅಲ್ಲೇ ಮಾಡ್ತಿದ್ದರಂತೆ" ಎಂದು ಮೊಮ್ಮಗ ನನಗೆ ಭೂಗೋಳದ ಪಾಠ ಹೇಳಿದ.

ಡಾಜ್ ಸಿಟಿಯ ನಿಜವಾದ ಇತಿಹಾಸ ಹೀಗಿದೆ. 1872ರಲ್ಲಿ ಸಾಂಟಾ ಫೆ ರೈಲು ಮಾರ್ಗ ಅಲ್ಲಿಗೆ ತಲುಪಿದಾಗ ಊರು ಹುಟ್ಟಿತು. ಮೊದಲಿಗೆ ಕಾಡೆಮ್ಮೆಗಳ ಚರ್ಮದ ವ್ಯಾಪಾರ. ಬಯಲಿನ ಕಾಡೆಮ್ಮೆಗಳನ್ನೆಲ್ಲ ಕೊಂದು ಮುಗಿಸಿದ ಮೇಲೆ ದನಗಳ ವ್ಯಾಪಾರ. ಟೆಕ್ಸಾಸ್‌ನಿಂದ ಕೌಬಾಯ್‌ಗಳು ಸಾವಿರಾರು ದನಗಳನ್ನು ನೂರಾರು ಮೈಲಿ ನಡೆಸಿಕೊಂಡು ಬಂದು ಇಲ್ಲಿ ರೈಲಿಗೆ ಏರಿಸುತ್ತಿದ್ದರು. ಆ ದನಗಳಿಂದ ಸ್ಥಳೀಯ ದನಗಳಿಗೆ ಜ್ವರ ಹರಡುತ್ತದೆಂದು 1885ರಲ್ಲಿ ಕ್ಯಾನ್ಸಸ್ ಸರ್ಕಾರ ಅವುಗಳ ಪ್ರವೇಶವನ್ನು ನಿಷೇಧಿಸಿತು. ಅಲ್ಲಿಗೆ ಊರಿನ ಗದ್ದಲದ ದಿನಗಳು ಮುಗಿದವು. ಹತ್ತು ವರ್ಷಗಳ ಆ ದನದ ಪೇಟೆಯ ಮೇಲೆ ಇಪ್ಪತ್ತು ವರ್ಷಗಳ ಧಾರಾವಾಹಿ ನಿಂತಿತು!

ಇನ್ನೊಂದು ಸಂಗತಿ ನನ್ನನ್ನು ಚಕಿತಗೊಳಿಸಿತು. ಆ ಕಾಲದ ಡಾಜ್ ಸಿಟಿಯ ಬೀದಿಯಲ್ಲಿ ಬಂದೂಕು ಹೊತ್ತು ತಿರುಗುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಿದೆಯೆಂದು ಸಾರುವ ಫಲಕವಿತ್ತು. ಅದರ ಹಳೆಯ ಛಾಯಾಚಿತ್ರ ಪ್ರಸಿದ್ಧವಾಗಿದೆ. ರಾಬರ್ಟ್ ಡೈಕ್‌ಸ್ಟ್ರಾ ಎಂಬ ಇತಿಹಾಸಕಾರರು ಕ್ಯಾನ್ಸಸ್‌ನ ಐದು ದನದ ಪೇಟೆಗಳ ದಾಖಲೆಗಳನ್ನು ಪರಿಶೀಲಿಸಿ, 1870ರಿಂದ 1885ರವರೆಗೆ ಆ ಐದೂ ಊರುಗಳಲ್ಲಿ ಸೇರಿ ನಡೆದ ಕೊಲೆಗಳು 45 ಎಂದು ಲೆಕ್ಕ ಕೊಟ್ಟಿದ್ದಾರೆ. ಧಾರಾವಾಹಿಯ ಮೊದಲ ವರ್ಷದಲ್ಲೇ 39 ಕಂತುಗಳಿದ್ದವು. ಹದಿನೈದು ವರ್ಷಗಳ ಸಾವು ಅಲ್ಲಿ ಒಂದು ವರ್ಷಕ್ಕೂ ಸಾಲದು. ನಿಜವಾದ ಶಾಂತಿಪಾಲಕರ ದಿನಚರಿಯಲ್ಲಿ ಹೆಚ್ಚಿಗೆ ಇದ್ದದ್ದು ಕುಡುಕರನ್ನು ಹಿಡಿಯುವುದು, ದಂಡ ವಸೂಲು ಮಾಡುವುದು. ಆದರೆ ದಂಡ ವಸೂಲಿಯ ಧಾರಾವಾಹಿಯನ್ನು ಇಪ್ಪತ್ತು ವರ್ಷ ಯಾರು ನೋಡುತ್ತಾರೆ?

ಅಲ್ಲಿಯ 'ಬೂಟ್ ಹಿಲ್' ವಸ್ತುಸಂಗ್ರಹಾಲಯವನ್ನು ನೋಡಿದೆವು. ಬೂಟು ಕಳಚುವಷ್ಟೂ ಪುರಸೊತ್ತಿಲ್ಲದೆ ಸತ್ತವರನ್ನು ಹೂಳಿದ ದಿಬ್ಬವಾದ್ದರಿಂದ ಆ ಹೆಸರು. 1885ರಲ್ಲಿ ಬೆಂಕಿಗೆ ಆಹುತಿಯಾದ ಹಳೆಯ ಬೀದಿಯನ್ನು, ಅದರಲ್ಲಿದ್ದ ನಿಜವಾದ ಲಾಂಗ್ ಬ್ರಾಂಚನ್ನು, ಮರದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಊರಿನಲ್ಲಿ 'ಗನ್‌ಸ್ಮೋಕ್ ಬೀದಿ' ಎಂಬ ರಸ್ತೆಯೇ ಇದೆ; ಧಾರಾವಾಹಿ ಜನಪ್ರಿಯತೆಯ ತುದಿಯಲ್ಲಿದ್ದ 1958ರಲ್ಲಿ ಹಳೆಯ ಹೆಸರನ್ನು ಬದಲಿಸಿ ಇಟ್ಟದ್ದು. ಊರು ಕಥೆಗೆ ತನ್ನ ಹೆಸರನ್ನು ಕೊಟ್ಟಿತು, ಕಥೆ ಊರಿನ ಬೀದಿಗೆ ತನ್ನ ಹೆಸರನ್ನು ಕೊಟ್ಟಿತು. ಈ ಕೊಡುಕೊಳ್ಳುವಿಕೆಯಲ್ಲಿ ದನಿ ಕೊಟ್ಟ ಆ ನಾಲ್ವರು ಎಲ್ಲಿ ಎಂದು ನಾನು ಯೋಚಿಸುತ್ತಿದ್ದೆ.

ಎರಡನೆಯ ಅಗಲಿಕೆಗೆ ಬರುತ್ತೇನೆ. ವಾರನ್ ಅವರು ಹೊರಟ ಮೇಲೆ ಟಿ.ವಿ. ಸರಣಿಯ ನಿರ್ಮಾಣ ಮ್ಯಾಕ್‌ಡೊನೆಲ್ ಅವರ ಕೈಗೆ ಬಂದಿತ್ತು. ಮೆಸ್ಟನ್ ನೂರಕ್ಕೂ ಹೆಚ್ಚು ಕಂತುಗಳನ್ನು ಬರೆದರು. 1964ರಲ್ಲಿ, ಜನಪ್ರಿಯತೆ ಇಳಿಯತೊಡಗಿತೆಂದು, ಮ್ಯಾಕ್‌ಡೊನೆಲ್ ಅವರನ್ನು ಕೆಲಸದಿಂದ ತೆಗೆದರು. 1952ರಲ್ಲಿ ಈ ಕಥೆಗೆ ಜೀವ ಕೊಟ್ಟು ಹನ್ನೆರಡು ವರ್ಷ ಸಾಕಿದವರು ಅವರು. ಸ್ವಲ್ಪ ಕಾಲದಲ್ಲೇ ಮೆಸ್ಟನ್ ಕೂಡ ದೂರವಾದರು. ಮಗುವನ್ನು ಹೆತ್ತವರಿಬ್ಬರೂ ಮನೆಯಿಂದ ಹೊರಬಿದ್ದರು. ಮಗು ಇನ್ನೂ ಹತ್ತು ವರ್ಷ ಬಾಳಿತು.

1967ರಲ್ಲಿ ಸರಣಿಯನ್ನೇ ನಿಲ್ಲಿಸುವ ತೀರ್ಮಾನವಾಯಿತು. ಆಗ ಅಡ್ಡ ಬಂದವರು ಪೇಲಿ ಅವರೇ. ಗನ್‌ಸ್ಮೋಕ್‌ಗೆ ಶನಿವಾರದ ಬದಲು ಸೋಮವಾರ ರಾತ್ರಿಯ ಹೊತ್ತು ಕೊಡಲಾಯಿತು. ಆ ಜಾಗಕ್ಕಾಗಿ 'ಗಿಲ್ಲಿಗನ್ಸ್ ಐಲ್ಯಾಂಡ್' ಎಂಬ ಹಾಸ್ಯ ಸರಣಿ ಬಲಿಯಾಯಿತು. ತಮ್ಮ ಕೆಲಸ ಮುಂದುವರಿಯುತ್ತದೆಂದು ನಂಬಿದ್ದ ಅದರ ಕಲಾವಿದರು ಇದ್ದಕ್ಕಿದ್ದಂತೆ ಬೀದಿಗೆ ಬಂದರು. ಒಬ್ಬರ ಉಳಿವು ಇನ್ನೊಬ್ಬರ ಅಳಿವು. ಮರುವರ್ಷವೇ ಗನ್‌ಸ್ಮೋಕ್ ಜನಪ್ರಿಯತೆಯಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು.

ಆ ಬಳಿಕದ ವರ್ಷಗಳ ಕಂತುಗಳ ರೀತಿಯೇ ಬೇರೆ. ಟಿ.ವಿ.ಯಲ್ಲಿ ಹಿಂಸೆ ಹೆಚ್ಚಾಯಿತೆಂಬ ದೂರು ಆಗ ಅಮೆರಿಕದಲ್ಲಿ ಬಲವಾಗಿತ್ತು. ಬಂದೂಕಿನ ಸದ್ದು ತಗ್ಗಿ, ಊರಿಗೆ ಬಂದುಹೋಗುವ ಅಪರಿಚಿತರ ಸುಖದುಃಖಗಳು ಮುಂದಕ್ಕೆ ಬಂದವು. ಚೆಸ್ಟರ್‌ನ ಜಾಗಕ್ಕೆ ಬಂದಿದ್ದ ಫೆಸ್ಟಸ್ ಎಂಬ ಹಳ್ಳಿಗನ ಪಾತ್ರದಲ್ಲಿ ಕೆನ್ ಕರ್ಟಿಸ್ ಕಳೆ ತುಂಬಿದರು. ಆತನಿಗೆ ಓದುಬರಹ ಬಾರದು, ಬುದ್ಧಿಗೆ ಕೊರತೆಯಿಲ್ಲ. ಡಾಕ್‌ಗೂ ಫೆಸ್ಟಸ್‌ಗೂ ನಡೆಯುವ ವಾಗ್ವಾದವನ್ನು ಕೇಳುವಾಗ ನಮ್ಮೂರಿನ ಅಶ್ವತ್ಥಕಟ್ಟೆಯೇ ನೆನಪಾಗುತ್ತಿತ್ತು. 1971ರಲ್ಲಿ ಸ್ಟೋನ್ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾದಾಗ ಕೆಲವು ಕಂತುಗಳಲ್ಲಿ ಬೇರೊಬ್ಬ ವೈದ್ಯ ಬರುತ್ತಾನೆ. ಆ ದಿನಗಳಲ್ಲಿ ನನ್ನ ಶ್ರೀಮತಿ ಮಧ್ಯಾಹ್ನದ ನಿದ್ದೆಗೆ ಮರಳಿದ್ದಳು. ನಮ್ಮ ಡಾಕ್ಟರು ಹಿಂದಿರುಗಿದ ದಿನ ಎದ್ದು ಬಂದು ಕುಳಿತಳು. ಗನ್‌ಸ್ಮೋಕ್ ಇಪ್ಪತ್ತು ವರ್ಷ ಉಳಿದ ಗುಟ್ಟು ಇದರಲ್ಲೇ ಇದೆಯೆಂದು ತೋರುತ್ತದೆ. ಜನ ನೋಡುತ್ತಿದ್ದದ್ದು ಬಂದೂಕನ್ನಲ್ಲ, ದಿನವೂ ಕಾಣುವ ನೆರೆಹೊರೆಯವರನ್ನು.

ಮೂರನೆಯ ಅಗಲಿಕೆ 1975ರದು. ಜತೆಗೆ ಹುಟ್ಟಿದ ಕೌಬಾಯ್ ಸರಣಿಗಳೆಲ್ಲ ಮಣ್ಣಾದ ಮೇಲೂ ಇದು ನಿಂತಿತ್ತು. ಅಮಾಂಡಾ ಬ್ಲೇಕ್ 1974ರಲ್ಲಿ ತಾವಾಗಿಯೇ ಬಿಟ್ಟಿದ್ದರು. ಉಳಿದವರು ಇಪ್ಪತ್ತನೆಯ ವರ್ಷದ ಚಿತ್ರೀಕರಣ ಮುಗಿಸಿ, ಎಂದಿನಂತೆ ಇನ್ನೊಂದೆರಡು ವರ್ಷ ನಡೆಯುತ್ತದೆಂದುಕೊಂಡು ಮನೆಗೆ ಹೋದರು. ಸರಣಿ ನಿಂತಿತೆಂಬ ಸುದ್ದಿ ಅವರಿಗೆ ತಿಳಿದದ್ದು ಪತ್ರಿಕೆಗಳಿಂದ. ನಿಲ್ಲಿಸುವ ಯೋಚನೆಯಿದೆಯೆಂದು ಸಂಸ್ಥೆ ತಮಗೆ ಸುಳಿವನ್ನೂ ಕೊಟ್ಟಿರಲಿಲ್ಲವೆಂದು ಆರ್ನೆಸ್ ಅವರು ಮುಂದೆ ಹೇಳಿಕೊಂಡಿದ್ದಾರೆ. 1975ರ ಮಾರ್ಚ್ 31ರಂದು ಕೊನೆಯ ಹೊಸ ಕಂತು ಬಂತು. ಅದು ಗೇಣಿ ರೈತರ ಒಂದು ಸಾಧಾರಣ ಕಥೆ. ಒಟ್ಟು 635 ಕಂತುಗಳು. ಅವುಗಳಲ್ಲಿ ಒಂದೂ ವಿದಾಯದ ಕಂತಲ್ಲ. ಮ್ಯಾಟ್ ಬಿಲ್ಲೆಯನ್ನು ಕಳಚಿಡಲಿಲ್ಲ, ಡಾಕ್ ತನ್ನ ಚೀಲವನ್ನು ಮುಚ್ಚಲಿಲ್ಲ. ಮಾತಿನ ನಡುವೆ ಎದ್ದುಹೋದಂತೆ ಕಥೆ ನಿಂತುಹೋಯಿತು.

1955ರಲ್ಲಿ ದನಿಗಳನ್ನು ಕಳುಹಿಸಿದವರು, 1964ರಲ್ಲಿ ಕಥೆಯ ಒಡೆಯನನ್ನು ಕಳುಹಿಸಿದವರು, 1975ರಲ್ಲಿ ಮುಖಗಳನ್ನೂ ಹಾಗೆಯೇ ಕಳುಹಿಸಿದರು. 1987ರಲ್ಲಿ ಎರಡು ಗಂಟೆಯ ಚಿತ್ರವೊಂದಕ್ಕಾಗಿ ಆರ್ನೆಸ್ ಮತ್ತು ಬ್ಲೇಕ್ ಮತ್ತೆ ಒಂದಾದರು. ಆದರೆ ಸ್ಟೋನ್ 1980ರಲ್ಲೇ ತೀರಿಕೊಂಡಿದ್ದರು. ಕರ್ಟಿಸ್ ಸಂಭಾವನೆಯ ವಿಚಾರದಲ್ಲಿ ಹೊಂದಿಕೆಯಾಗದೆ ಹೊರಗುಳಿದರು. ಇಪ್ಪತ್ತು ವರ್ಷಗಳ ದಾಖಲೆಯನ್ನು ಆಮೇಲಿನ ಸರಣಿಗಳು ಮುರಿದಿವೆ. ಕಂತುಗಳ ಸಂಖ್ಯೆಯಲ್ಲಿ 2018ರಲ್ಲಿ 'ದಿ ಸಿಂಪ್ಸನ್ಸ್' ಎಂಬ ವ್ಯಂಗ್ಯಚಿತ್ರ ಸರಣಿ ಅದನ್ನು ದಾಟಿತು. 2011ರಲ್ಲಿ ಆರ್ನೆಸ್ ತೀರಿಕೊಂಡರು.

ಕಾನ್ರಾಡ್ ಅವರ ಮುಂದಿನ ಕಥೆ ಸಮಾಧಾನ ತರುವಂಥದು. 1971ರಿಂದ 1976ರವರೆಗೆ ಅದೇ ಸಿಬಿಎಸ್‌ನಲ್ಲಿ 'ಕ್ಯಾನನ್' ಎಂಬ ಸರಣಿಗೆ ಅವರೇ ನಾಯಕ. ಪಾತ್ರ ಯಾವುದು ಗೊತ್ತೆ? ದೊಡ್ಡ ಹೊಟ್ಟೆಯ ಪತ್ತೇದಾರ! ಟಿ.ವಿ. ಗನ್‌ಸ್ಮೋಕ್‌ನ ಒಂದೆರಡು ಕಂತುಗಳನ್ನು ಅವರು ನಿರ್ದೇಶಿಸಿದ್ದೂ ಉಂಟು. ತಾನು ಹುಟ್ಟಿಸಿದ ಮ್ಯಾಟ್‌ಗೆ ಇಲ್ಲಿ ನಿಲ್ಲು, ಅಲ್ಲಿ ತಿರುಗು ಎಂದು ಕ್ಯಾಮೆರಾದ ಹಿಂದಿನಿಂದ ಹೇಳುವಾಗ ಆ ಮನುಷ್ಯನ ಮನಸ್ಸಿನಲ್ಲಿ ಏನಿತ್ತೋ! ಮ್ಯಾಕ್‌ನಿಯರ್ ಮತ್ತು ಬೇರ್ ಕೂಡ ಅತಿಥಿ ಕಲಾವಿದರಾಗಿ ಟಿ.ವಿ. ಗನ್‌ಸ್ಮೋಕ್‌ಗೆ ಬಂದುಹೋದರು. ತಮ್ಮ ಮನೆಗೇ ನೆಂಟರಾಗಿ ಬಂದಂತೆ.

ಇದನ್ನೆಲ್ಲ ಓದುವಾಗ ನನಗೆ ಒಬ್ಬರು ನೆನಪಾಗುತ್ತಲೇ ಇದ್ದರು. ನಾನು ಕೆಲಸಕ್ಕೆ ಸೇರಿದ ಮೊದಲ ಶಾಲೆಯಲ್ಲಿ ತಾತ್ಕಾಲಿಕ ನೆಲೆಯ ಸಂಗೀತದ ಮೇಷ್ಟ್ರೊಬ್ಬರಿದ್ದರು. ಅಲ್ಪ ಸಂಬಳ, ಅದೂ ಮೂರು ನಾಲ್ಕು ತಿಂಗಳಿಗೊಮ್ಮೆ. ಒಂಬತ್ತು ವರ್ಷ ಹಾಗೆ ದುಡಿದರು. ವಾರ್ಷಿಕೋತ್ಸವದಲ್ಲಿ ಮಕ್ಕಳು ಹಾಡುವ ಸ್ವಾಗತ ಗೀತೆಯನ್ನು ಬರೆದವರೂ ರಾಗ ಹಾಕಿದವರೂ ಅವರೇ. ಕಾಯಂ ಹುದ್ದೆಗೆ ಬೇರೊಬ್ಬರು ನೇಮಕವಾಗಿ ಬಂದ ದಿನ, ಮಧ್ಯಾಹ್ನದ ಗಂಟೆ ಹೊಡೆಯುವ ಮುಂಚೆ, ನಾಳೆಯಿಂದ ಬರಬೇಕಾಗಿಲ್ಲವೆಂದು ಅವರಿಗೆ ಹೇಳಲಾಯಿತು. ಬೀಳ್ಕೊಡುಗೆ ಇರಲಿಲ್ಲ, ಒಂದು ಹಾರವೂ ಇರಲಿಲ್ಲ. ಹಾರ್ಮೋನಿಯಂ ಶಾಲೆಯದು, ಶಾಲೆಯಲ್ಲೇ ಉಳಿಯಿತು. ಅವರು ಅದರ ಮುಚ್ಚಳ ಹಾಕಿ, ಮೇಲೆ ಬಟ್ಟೆ ಹೊದಿಸಿ, ಕೊಡೆ ತೆಗೆದುಕೊಂಡು ಬಸ್ ನಿಲ್ದಾಣದ ಕಡೆಗೆ ನಡೆದುಹೋದರು. "ಸಂಗೀತದ ಮೇಷ್ಟ್ರು ಯಾವಾಗ ಬರ್ತಾರೆ ಸಾರ್?" ಎಂದು ಐದನೆಯ ತರಗತಿಯ ಮಕ್ಕಳು ನನ್ನನ್ನು ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಹೊಸದಾಗಿ ಬಂದವರು ಸಜ್ಜನರು, ಒಳ್ಳೆಯ ಗಾಯಕರು. ಆರ್ನೆಸ್ ಅವರದು ಹೇಗೆ ತಪ್ಪಿರಲಿಲ್ಲವೋ ಇವರದೂ ತಪ್ಪಿರಲಿಲ್ಲ. ನಿಯಮದಂತೆ ಹುದ್ದೆ ಅವರದೇ. ಆ ಸ್ವಾಗತ ಗೀತೆಯನ್ನು ಅವರೂ ಕಲಿಸಿದರು, ಅವರ ನಂತರದವರೂ ಕಲಿಸಿದರು. ನನಗೆ ತಿಳಿದಂತೆ ಅದು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಶಾಲೆಯ ವೇದಿಕೆಯ ಮೇಲೆ ಮೊಳಗಿತು. ಅದನ್ನು ರಚಿಸಿದವರು ಯಾರೆಂದು ನಿರೂಪಕರು ಒಮ್ಮೆಯೂ ಹೇಳಿದ್ದು ನಾನು ಕೇಳಲಿಲ್ಲ. ಸಿಬಿಎಸ್ ಕನಿಷ್ಠ ಪಕ್ಷ ಕಾನ್ರಾಡ್ ಅವರ ದನಿಯನ್ನು ಮುದ್ರಿಸಿಟ್ಟಿತ್ತು. ನಮ್ಮ ಮೇಷ್ಟ್ರ ದನಿ ಆ ಊರಿನ ಗಾಳಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಯಾವ ಕೆಲಸವೂ ಒಬ್ಬರಿಂದಲೇ ಕೊನೆಯವರೆಗೆ ನಡೆಯುವುದಿಲ್ಲ, ಆಳುಗಳು ಬದಲಾಗಲೇಬೇಕು. ದಪ್ಪನೆಯ ಮನುಷ್ಯ ಟಿ.ವಿ.ಯ ಮಾರ್ಷಲ್ ಆಗಲಾರ ಎಂಬ ತೀರ್ಮಾನಕ್ಕೆ ಅದರದೇ ತರ್ಕವಿರಬಹುದು. ಕಳುಹಿಸುವುದು ಅನ್ಯಾಯವೆಂದು ನಾನು ಹೇಳುವುದಿಲ್ಲ. ಕಳುಹಿಸುವಾಗ ಎರಡು ಮಾತು ಆಡದಿರುವುದು, ಉಳಿದುಹೋದ ಕೆಲಸದ ಮೇಲೆ ಮಾಡಿದವರ ಹೆಸರು ಬರೆಯದಿರುವುದು, ಇವೆರಡೂ ಅನ್ಯಾಯ. ಮೊದಲನೆಯದನ್ನು ಈಗ ಸರಿಪಡಿಸಲಾಗದು. ಎರಡನೆಯದನ್ನು ಸರಿಪಡಿಸಬಹುದು.

ಆದ್ದರಿಂದ ಈ ಕೋರಿಕೆ. ಆ ಶಾಲೆಯ ನನ್ನ ವಿದ್ಯಾರ್ಥಿಗಳು ಶಾಲೆಯ ವಜ್ರಮಹೋತ್ಸವಕ್ಕೆ ಸ್ಮರಣ ಸಂಚಿಕೆ ತರುತ್ತಿದ್ದೀರೆಂದು ತಿಳಿಯಿತು. ಮೊದಲ ಪುಟದಲ್ಲಿ ಸ್ವಾಗತ ಗೀತೆಯನ್ನು ಅಚ್ಚು ಹಾಕುತ್ತೀರೆಂದೂ ಕೇಳಿದೆ. ಗೀತೆಯ ಕೆಳಗೆ ಆ ಮೇಷ್ಟ್ರ ಹೆಸರಿರಲಿ. ಅವರ ಮನೆಯವರ ಅನುಮತಿಯಿಲ್ಲದೆ ಹೆಸರನ್ನು ಇಲ್ಲಿ ಬರೆಯುವುದು ಸರಿಯಲ್ಲವೆಂದು ಬಿಟ್ಟಿದ್ದೇನೆ. ಸಂಪಾದಕ ಮಂಡಳಿಯವರು ಫೋನ್ ಮಾಡಿದರೆ ಹೆಸರನ್ನೂ, ಅವರ ಮಗಳು ಈಗಿರುವ ಊರನ್ನೂ ತಿಳಿಸುತ್ತೇನೆ. ಅವರ ಬಳಿ ಹಾಡು ಕಲಿತವರು ನಿಮ್ಮಲ್ಲಿ ಕನಿಷ್ಠ ಹತ್ತು ಮಂದಿಯಾದರೂ ಇರಬೇಕು. ನೆನಪಿರುವುದನ್ನು ತಲಾ ನಾಲ್ಕು ಸಾಲು ಬರೆದು ಕಳುಹಿಸಿ. ಸಂಚಿಕೆ ಅಚ್ಚಿಗೆ ಹೋಗಲು ಇನ್ನು ಎರಡು ತಿಂಗಳಿದೆಯಂತೆ.